ನಿಲ್ದಾಣದಲ್ಲೊಂದು ಕಂಚಿನ ಪ್ರತಿಮೆ

ಅಮೆರಿಕದ ಬೋಸ್ಟನ್ ನಗರಮಧ್ಯದ ಬ್ಯಾಕ್ ಬೇ ರೈಲು ನಿಲ್ದಾಣದಲ್ಲಿ ಕಾರ್ಮಿಕ ಮುಖಂಡ ಎ. ಫಿಲಿಪ್ ರಾಂಡಾಲ್ಫ್ ಅವರ ಆಸೀನ ಪ್ರತಿಮೆಯಿದೆ. ನಿರ್ಮಿಸಿದವರು ಶಿಲ್ಪಿ ಟೀನಾ ಆ್ಯಲೆನ್. ಅರಸರಿಗೂ ದಂಡನಾಯಕರಿಗೂ ಸಲ್ಲುವ ಗೌರವವು ಇಲ್ಲಿ ರೈಲಿನ ಪರಿಚಾರಕರ ನಾಯಕನಿಗೆ ಸಂದಿದೆ.

ಪುಲ್‌ಮನ್ ಕಂಪನಿಯ ಶಯನಗಾಡಿಗಳಲ್ಲಿ ಹಾಸಿಗೆ ಹಾಸಿ, ಪಾದರಕ್ಷೆಗಳಿಗೆ ಮೆರುಗು ಕೊಟ್ಟು, ನಿದ್ದೆಗೆಟ್ಟು ದುಡಿಯುತ್ತಿದ್ದ ಕಪ್ಪು ಜನಾಂಗದ ಪರಿಚಾರಕರನ್ನು ಪ್ರಯಾಣಿಕರು ಒಡೆಯನಾದ ಜಾರ್ಜ್ ಪುಲ್‌ಮನ್ನನ ಹೆಸರು ಹಿಡಿದು ‘ಜಾರ್ಜ್’ ಎಂದೇ ಕೂಗುತ್ತಿದ್ದರು. ತಂದೆತಾಯಿಗಳಿಟ್ಟ ಹೆಸರನ್ನೇ ಕಸಿಯುವುದಕ್ಕಿಂತ ಮಿಗಿಲಾದ ಅವಮಾನವುಂಟೆ? 1925ರಲ್ಲಿ ರಾಂಡಾಲ್ಫ್ ಅವರ ನೇತೃತ್ವದಲ್ಲಿ ಸ್ಥಾಪಿತವಾದ ಸಂಘವು ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 1941ರಲ್ಲಿ ವಾಷಿಂಗ್‌ಟನ್ನಿಗೆ ಜಾಥಾ ತರುವುದಾಗಿ ಅವರು ಎಚ್ಚರಿಸಲು, ಅಧ್ಯಕ್ಷ ರೂಸ್‌ವೆಲ್ಟರು ರಕ್ಷಣಾ ಉದ್ಯಮಗಳಲ್ಲಿ ವರ್ಣಭೇದವನ್ನು ನಿಷೇಧಿಸಿದರು.

ಬೋಸ್ಟನ್ನಿನ ಪರಿಚಾರಕರಲ್ಲಿ ಹಲವರು ನಿಲ್ದಾಣದ ನೆರೆಯ ಸೌತ್ ಎಂಡಿನಲ್ಲಿಯೇ ವಾಸವಾಗಿದ್ದರು. ಪ್ರತಿಮೆಯನ್ನು ಉದ್ಯಾನದಲ್ಲಿರಿಸದೆ ಇಲ್ಲಿಟ್ಟುದು ಉಚಿತವೇ ಆಗಿದೆ.