ಮೌಳಂಗಿಗೆ ಮರಳಿದವರಿಗೆ ಮೊದಲ ಬಿಯರ್: ಹಂತ ಹಂತವಾಗಿ

ವಿದೇಶದಲ್ಲಿ ಒಂದಷ್ಟು ಕಾಲ ದುಡಿದು ದಾಂಡೇಲಿ ಕಡೆಗೆ ಮರಳಿದವರ ಬಾಯಲ್ಲಿ ಒಂದು ದೂರು ತಪ್ಪದೆ ಬರುತ್ತದೆ: “ಅಲ್ಲಿ ಕುಡಿದಂಥಾ ಬಿಯರ್ ಇಲ್ಲಿ ಸಿಗೂದಿಲ್ಲ ಬಿಡ್ರಿ.” ಅದರಲ್ಲಿ ಅರ್ಧ ನಿಜವಿದೆ. ಮ್ಯೂನಿಕ್‌ನಲ್ಲೋ ಡಬ್ಲಿನ್‌ನಲ್ಲೋ ನಲ್ಲಿ ತಿರುವಿದರೆ ಬರುತ್ತಿದ್ದ ಬಿಯರ್ ಕಾಳಿ ನದಿ ದಂಡೆಯ ಮೌಳಂಗಿಗೆ ಬರುವುದಿಲ್ಲ. ಉಳಿದರ್ಧ ಮಾತ್ರ ನಮ್ಮದೇ ಎಡವಟ್ಟು. ಹೆಸರು ನೋಡಿ ಕೊಳ್ಳುತ್ತೇವೆ, ತಾರೀಖು ನೋಡುವುದಿಲ್ಲ. ಬಿಸಿಲಲ್ಲಿ ಬೆಂದ ಬಾಟಲಿಯನ್ನು ಫ್ರೀಜರಿಗೆ ತುರುಕಿ, ಆಮೇಲೆ ರುಚಿಯಿಲ್ಲವೆನ್ನುತ್ತೇವೆ. ಕ್ರಾಫ್ಟ್ ಬಿಯರ್ ಎಂದರೆ ಸಣ್ಣ ಪ್ರಮಾಣದಲ್ಲಿ, ರುಚಿಯೇ ಮುಖ್ಯವೆಂದು ತಯಾರಿಸಿದ ಬಿಯರ್. ಹಾಗಾಗಿ ಅದು ಬೇಗ ಕೆಡುತ್ತದೆ ಕೂಡ. ನನ್ನ ಸಲಹೆ ಸರಳ: ಪರದೇಶದ ರುಚಿಯನ್ನು ಹುಡುಕಿಕೊಂಡು ಹೋಗಬೇಡಿ, ತಾಜಾತನವನ್ನು ಹುಡುಕಿ. 21 ತುಂಬಿದವರಿಗೆ ಮಾತ್ರ ಈ ಬರಹ.

ಹಂತ 1: ಸೂಟ್‌ಕೇಸು ಕಟ್ಟುವಾಗಲೇ ಲೆಕ್ಕ ಹಾಕಿ

ಸುಂಕವಿಲ್ಲದೆ ಭಾರತಕ್ಕೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್ ಮದ್ಯ. ಬಿಯರೂ ಇದರೊಳಗೇ ಬರುತ್ತದೆ, ಅದಕ್ಕೆ ಬೇರೆ ಪಾಲಿಲ್ಲ. 330 ಮಿ.ಲೀ. ಬಾಟಲಿಯಾದರೆ ಆರು, 500 ಮಿ.ಲೀ. ಟಿನ್ ಆದರೆ ನಾಲ್ಕು. ಮಾವನಿಗೆಂದು ಒಂದು ಲೀಟರ್ ವಿಸ್ಕಿ ಹಿಡಿದಿದ್ದರೆ ಬಿಯರಿಗೆ ಉಳಿಯುವುದು ಎರಡು ಟಿನ್ ಮಾತ್ರ. ಮಾವನನ್ನು ಬಿಡಲಾಗದು, ಹಾಗಾಗಿ ಆ ಎರಡನ್ನು ಯೋಚಿಸಿ ಆರಿಸಿ. ಇಲ್ಲೂ ಸಿಗುವ ಲಾಗರ್ ಹೊತ್ತು ತರುವುದು ದಂಡ. ನೀವಿದ್ದ ಊರಿನ ಸಣ್ಣ ಬ್ರೂವರಿಯದ್ದು, ಅದೇ ತಿಂಗಳು ತುಂಬಿದ್ದು ಸಿಕ್ಕರೆ ತನ್ನಿ. ಬಾಟಲಿಗಿಂತ ಟಿನ್ ವಾಸಿ: ಹಗುರ, ಒಡೆಯುವುದಿಲ್ಲ, ಬೆಳಕು ಒಳಗೆ ಹೋಗುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲೇ ಹಾಕಬೇಕು, ಕೈಚೀಲದಲ್ಲಿ ಭದ್ರತಾ ತಪಾಸಣೆ ದಾಟುವುದಿಲ್ಲ. ಬಿಲ್ಲು ಜೋಪಾನ.

ಹಂತ 2: ಅನಮೋಡ ನೆನಪಿರಲಿ

ಗೋವಾದಲ್ಲಿ ಇಳಿದು ಮೊಲ್ಲೆಂ ದಾಟಿ ಘಾಟಿ ಹತ್ತಿ ಬರುವವರಿಗೆ ಒಂದು ಆಸೆ ಸಹಜ. ಅಲ್ಲಿ ಬಿಯರ್ ಅಗ್ಗ, ಬಗೆಯೂ ಹೆಚ್ಚು. ಗೋವಾ ಬ್ರೂಯಿಂಗ್ ಕಂಪನಿ 2018ರಲ್ಲಿ ಹೊರತಂದ ‘ಏಟ್ ಫಿಂಗರ್ ಎಡ್ಡಿ’ಯಂಥ ಐಪಿಎ (ಇಂಡಿಯಾ ಪೇಲ್ ಏಲ್) ಅಲ್ಲೇ ಹುಟ್ಟಿದ್ದು. ಹೆಸರು ಅಂಜುನಾ ಕಡಲತೀರದಲ್ಲಿ ಬಾಳಿದ ಒಬ್ಬ ಹಿಪ್ಪಿಯದ್ದು. ಆದರೆ ಒಂದು ರಾಜ್ಯದ ಮಾರಾಟಕ್ಕೆಂದು ಮುದ್ರೆ ಬಿದ್ದ ಬಾಟಲಿಯನ್ನು ಪರ್ಮಿಟ್ ಇಲ್ಲದೆ ಇನ್ನೊಂದು ರಾಜ್ಯಕ್ಕೆ ತರುವುದು ಅಪರಾಧ. ಜೋಯಿಡಾ ತಾಲೂಕಿಗೆ ಕಾಲಿಡುತ್ತಿದ್ದಂತೆ ಅನಮೋಡದಲ್ಲಿ ಅಬಕಾರಿ ಚೆಕ್‌ಪೋಸ್ಟ್ ಇದೆ. ಡಿಕ್ಕಿ ತೆಗೆಯಿರಿ ಎನ್ನುತ್ತಾರೆ. ಸಾಮಾನು ಹೋಗುತ್ತದೆ, ಕೇಸೂ ಆಗುತ್ತದೆ. ಗೋವಾದಲ್ಲಿ ಒಂದು ರಾತ್ರಿ ತಂಗುವವರಿದ್ದರೆ ಗೋವಾದ ಬಿಯರನ್ನು ಅಲ್ಲೇ ಕುಡಿದು ಮುಗಿಸಿ, ಖಾಲಿ ಕೈಯಲ್ಲಿ ಘಾಟಿ ಹತ್ತಿ.

ಹಂತ 3: ನಾಲ್ಕು ಬಗೆ ಗೊತ್ತಿದ್ದರೆ ಸಾಕು

ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೂ ಹೊಸಬರು ತಲೆ ಕೆಡಿಸಿಕೊಳ್ಳಬೇಕಾದ್ದು ನಾಲ್ಕಕ್ಕೆ.

ಲಾಗರ್: ತಂಪಿನಲ್ಲಿ ನಿಧಾನ ಹುದುಗಿದ್ದು, ತಿಳಿ, ಹಗುರ. 1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಊರಲ್ಲಿ ಮೊದಲು ತಯಾರಾದ ಹೊಂಬಣ್ಣದ ಪಿಲ್ಸ್‌ನರ್ ಇದರ ಕುಲದ್ದೇ. ನಮ್ಮ ಅಂಗಡಿಗಳ ಕಿಂಗ್‌ಫಿಶರ್ ಕೂಡ ಲಾಗರೇ. ಆದ್ದರಿಂದ ಲಾಗರ್ ಎಂದ ಕೂಡಲೇ ಮೂಗು ಮುರಿಯಬೇಡಿ. ಚೆನ್ನಾಗಿ ಮಾಡಿದ ತಾಜಾ ಪಿಲ್ಸ್‌ನರ್ ಸಿಗುವುದು ಐಪಿಎ ಸಿಗುವುದಕ್ಕಿಂತ ಅಪರೂಪ.

ಗೋಧಿ ಬಿಯರ್: ಮೋಡ ಕವಿದಂಥ ಮಬ್ಬು ಬಣ್ಣ, ಕಹಿ ಕಡಿಮೆ. ಜರ್ಮನ್ ಬಗೆಯಲ್ಲಿ ಬಾಳೆಹಣ್ಣು, ಲವಂಗದ ವಾಸನೆ. ಅದು ಬೆರೆಸಿದ್ದಲ್ಲ, ಯೀಸ್ಟ್ ಕೊಟ್ಟಿದ್ದು. ಬೆಲ್ಜಿಯಂ ಬಗೆಯ ವಿಟ್‌ಗೆ ಮಾತ್ರ ಕಿತ್ತಳೆ ಸಿಪ್ಪೆಯನ್ನೂ ಕೊತ್ತಂಬರಿ ಬೀಜವನ್ನೂ ನಿಜವಾಗಿಯೇ ಹಾಕುತ್ತಾರೆ. ಹೂಗಾರ್ಡನ್ ಎಂಬ ಹಳ್ಳಿಯಲ್ಲಿ ಸತ್ತೇ ಹೋಗಿದ್ದ ಈ ಬಗೆಯನ್ನು ಪಿಯರ್ ಸೆಲಿಸ್ ಎಂಬಾತ 1960ರ ದಶಕದಲ್ಲಿ ಮತ್ತೆ ಬದುಕಿಸಿದ. ಆತ ಮೊದಲು ಹಾಲು ಮಾರುತ್ತಿದ್ದವ. ನಮ್ಮಲ್ಲಿ 2015ರಲ್ಲಿ ಬಂದ ಬಿರಾ ವೈಟ್ ಊರೂರಿಗೆ ಪರಿಚಯಿಸಿದ್ದೂ ಗೋಧಿ ಬಿಯರನ್ನೇ. ಹೊಸಬರಿಗೆ, ಅದರಲ್ಲೂ ನಮ್ಮ ಸೆಕೆಗೆ, ಇದೇ ಮೊದಲ ಆಯ್ಕೆ ಎನ್ನುವುದು ನನ್ನ ಹಟ.

ಐಪಿಎ: ಹಾಪ್ಸ್ ಹೂವಿನ ಕಹಿ, ಅದರ ಹಿಂದೆಯೇ ಮಾವು, ಕಿತ್ತಳೆಯ ಪರಿಮಳ. ಹೆಸರಲ್ಲಿ ಇಂಡಿಯಾ ಇದೆ, ಹಡಗಿನಲ್ಲಿ ಇಂಗ್ಲೆಂಡಿನಿಂದ ಇಲ್ಲಿಗೆ ಬರುತ್ತಿತ್ತು ಎಂಬ ಕಾರಣಕ್ಕೆ. ಮಿಶಿಗನ್‌ನಲ್ಲಿ ಓದಿದ ಗೌರವ್ ಸಿಕ್ಕಾ ಆ್ಯನ್ ಆರ್ಬರ್ ಊರಿನ ಬ್ರೂವರಿಯ ಹೆಸರನ್ನೇ ಬೆಂಗಳೂರಿಗೆ ತಂದು 2012ರಲ್ಲಿ ಮಗ್ರಾತ್ ರಸ್ತೆಯಲ್ಲಿ ಆರ್ಬರ್ ಬ್ರೂಯಿಂಗ್ ಕಂಪನಿ ತೆರೆದರು. ಅಲ್ಲಿನ ‘ರೇಜಿಂಗ್ ಎಲಿಫೆಂಟ್’ ಐಪಿಎಯಿಂದ ಕಹಿಯ ರುಚಿ ಹತ್ತಿಸಿಕೊಂಡವರು ಬಹಳ. ವಿದೇಶದಿಂದ ಬಂದವರು ನಾಲಿಗೆಯ ನೆನಪನ್ನು ಇಲ್ಲೇ ಬಿಯರಾಗಿ ಇಳಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕೊಡಲಾರೆ.

ಸ್ಟೌಟ್: ಹುರಿದ ಬಾರ್ಲಿಯಿಂದ ಬಂದ ಕಪ್ಪು, ಕಾಫಿಯ ಕಹಿ. ಜುಲೈ ಮಳೆಗೆಂದು ತೆಗೆದಿಡಿ.

ಹಂತ 4: ಹೆಸರಿಗಿಂತ ಮೊದಲು ತಾರೀಖು

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಸ್ಕಿ ಇಟ್ಟಷ್ಟೂ ಕೆಡುವುದಿಲ್ಲ. ಬಿಯರ್ ಹಾಲಿನ ಪ್ಯಾಕೆಟ್ಟಿನ ಹಾಗೆ, ಅದಕ್ಕೆ ತಂಪೂ ಬೇಕು, ಅವಸರವೂ ಬೇಕು. ಬ್ರೂವರಿಯವರು ಬಳಸುವ ಒಂದು ಅಂದಾಜಿದೆ: 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನಕ್ಕೆ ಎಷ್ಟು ಹಳಸುತ್ತದೋ, 22 ಡಿಗ್ರಿಯಲ್ಲಿ ಅಷ್ಟು ಹಳಸಲು 30 ದಿನ, 3 ಡಿಗ್ರಿಯಲ್ಲಿ 300 ದಿನ. ಏಪ್ರಿಲ್–ಮೇಯಲ್ಲಿ ಹಳಿಯಾಳದ ರಸ್ತೆಯಲ್ಲಿ ತಗಡಿನ ಲಾರಿಯೊಳಗೆ ಬರುವ ಪೆಟ್ಟಿಗೆಯನ್ನು ನೆನೆಸಿಕೊಳ್ಳಿ. ಫ್ರಿಜ್ಜಿಗೆ ಹೋಗುವ ಮೊದಲೇ ಅದರ ಅರ್ಧ ಆಯುಷ್ಯ ಮುಗಿದಿರಬಹುದು.

ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ಬಾಟಲಿ ತಿರುಗಿಸಿ, ತಯಾರಾದ ತಿಂಗಳು ಓದಿ. ಸರ್ಕಾರಿ ಎಂಎಸ್‌ಐಎಲ್ ಮಳಿಗೆ ಇರಲಿ, ವೈನ್ ಶಾಪ್ ಇರಲಿ, ಕೌಂಟರಿನವರು “ಎಲ್ಲಾ ಫ್ರೆಶ್ ಐತ್ರಿ” ಎನ್ನುತ್ತಾರೆ. ನಗುತ್ತಲೇ ನೀವೇ ಓದಿ. ಗೋಧಿ ಬಿಯರ್, ಐಪಿಎ ಆದರೆ ಮೂರು ತಿಂಗಳೊಳಗಿನದ್ದು ಇರಲಿ. ಹಾಪ್ಸ್ ಪರಿಮಳ ಎಲ್ಲಕ್ಕಿಂತ ಮೊದಲು ಹಾರಿಹೋಗುವುದು, ಉಳಿಯುವುದು ಬರೀ ಕಹಿ. ಸ್ಟೌಟ್ ತುಸು ಹಳತಾದರೂ ಸಹಿಸಿಕೊಳ್ಳುತ್ತದೆ. ಕಪಾಟಿನ ಮುಂದಿನ ಸಾಲು, ಟ್ಯೂಬ್‌ಲೈಟಿನ ಕೆಳಗಿನದ್ದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಎನ್ನಿ. ಬೆಳಕು ಬಿದ್ದರೆ ಹಾಪ್ಸಿನ ಅಂಶ ಒಡೆದು ಗಂಧಕದ ನಾತ ಹುಟ್ಟುತ್ತದೆ. ಹಸಿರು, ಬಿಳಿ ಗಾಜಿಗೆ ಈ ಕಾಟ ಜಾಸ್ತಿ, ಕಂದು ಗಾಜಿಗೆ ಕಡಿಮೆ, ಟಿನ್ನಿಗೆ ಇಲ್ಲವೇ ಇಲ್ಲ.

ತಾಜಾ ಲಾಗರ್ ಒಂದು ಕಡೆ, ಎಂಟು ತಿಂಗಳ ಹಳೆಯ ದುಬಾರಿ ಕ್ರಾಫ್ಟ್ ಬಾಟಲಿ ಇನ್ನೊಂದು ಕಡೆ ಇದ್ದರೆ ಲಾಗರನ್ನೇ ತೆಗೆದುಕೊಳ್ಳಿ. ದಾಂಡೇಲಿ ಪೇಟೆಯಲ್ಲಿ ಬಹುಪಾಲು ದಿನ ಎದುರಾಗುವ ಪ್ರಶ್ನೆ ಇದೇ.

ನಿಜವಾದ ಕ್ರಾಫ್ಟ್ ಬಿಯರೇ ಬೇಕೆಂದರೆ ಬೆಂಗಳೂರಿನಲ್ಲಿ ಇಳಿಯುವವರಿಗೆ ಅವಕಾಶ ಹೆಚ್ಚು. ಸ್ಥಳದಲ್ಲೇ ಬಿಯರ್ ತಯಾರಿಸುವ ಪಬ್‌ಗಳು ಅಲ್ಲಿ ಬಾಗಿಲು ತೆರೆದವು: ಇಂದಿರಾನಗರದಲ್ಲಿ ಟಾಯ್ಟ್, ಲ್ಯಾವೆಲ್ ರಸ್ತೆಯಲ್ಲಿ ಬಿಯರ್ ಕ್ಲಬ್. ಟಾಯ್ಟ್‌ನವರು ಬಾಸ್ಮತಿ ಅಕ್ಕಿ ಹಾಕಿದ ಬಿಯರನ್ನೂ ಕೊಡುತ್ತಾರೆ. ತೊಟ್ಟಿಯಿಂದ ನೇರ ಲೋಟಕ್ಕೆ ಬರುವುದರಿಂದ ಅಲ್ಲಿ ತಾರೀಖಿನ ರಗಳೆಯೇ ಇಲ್ಲ. ಎಲ್ಲದರ ಸಣ್ಣ ಸಣ್ಣ ಲೋಟಗಳ ತಟ್ಟೆ ಕೇಳಿ, ಇಷ್ಟವಾದ ಬಗೆಯ ಹೆಸರು ನೆನಪಿಟ್ಟುಕೊಂಡು ಊರಿನ ಬಸ್ಸು ಹತ್ತಿ.

ಹಂತ 5: “ಸ್ಟ್ರಾಂಗಾ, ಲೈಟಾ?”

ಕೌಂಟರಿನಲ್ಲಿ ಬರುವ ಮೊದಲ ಪ್ರಶ್ನೆ. ನಮ್ಮ ಅಂಗಡಿಗಳಲ್ಲಿ ಓಡುವುದು ಹೆಚ್ಚಾಗಿ ಸ್ಟ್ರಾಂಗೇ. ಲೆಕ್ಕ ನೋಡಿ: ಶೇ. 8ರ 650 ಮಿ.ಲೀ. ಬಾಟಲಿಯಲ್ಲಿ 52 ಮಿ.ಲೀ. ಆಲ್ಕೋಹಾಲ್, ಶೇ. 5ರ 330 ಮಿ.ಲೀ. ಬಾಟಲಿಯಲ್ಲಿ ಹದಿನಾರೂವರೆ. ಒಂದು ಬಾಟಲಿ ಅಂತಲೇ ಎಣಿಸಿದರೂ ಮೂರು ಪಟ್ಟಿಗಿಂತ ಹೆಚ್ಚು. ಇನ್ನೊಂದು: ಇಲ್ಲಿ ಪಿಂಟ್ ಎಂದರೆ 330 ಮಿ.ಲೀ. ಸಣ್ಣ ಬಾಟಲಿ, ಲಂಡನ್ನಿನ 568 ಅಲ್ಲ. ರುಚಿಗೆ ಕುಡಿಯುವವರು ಲೈಟ್ ಎನ್ನಿ. ಪ್ರಯಾಣದ ನಿದ್ದೆಗೇಡು ಇನ್ನೂ ಇಳಿಯದ ಮೊದಲ ರಾತ್ರಿ ಅದೂ ಬೇಡ, ನೀರು ಕುಡಿದು ಮಲಗಿ.

ಹಂತ 6: ಜೊತೆಗೇನು?

ಈ ಭಾಗದಲ್ಲಿ ಹುಟ್ಟಿದವರ ಅದೃಷ್ಟ ಇರುವುದು ಇಲ್ಲೇ. ಮುಂಡಗೋಡದ ಟಿಬೆಟನ್ ಕಾಲನಿಯಲ್ಲಿ 1966ರಿಂದ ನೆಲೆಸಿದವರ ಕೈಯ ಮೊಮೊಗೆ ಗೋಧಿ ಬಿಯರ್ ಹೇಳಿ ಮಾಡಿಸಿದ ಜೋಡಿ. ಬಾರ್ಲಿಯಿಂದ ಛಾಂಗ್ ಎಂಬ ಮದ್ಯ ಮಾಡುವ ಪದ್ಧತಿ ಅವರಲ್ಲಿ ಮೊದಲಿನಿಂದಲೂ ಇದೆ. ಕಾರವಾರದಿಂದ ಬಂದ ಬಂಗಡೆಯ ರವಾ ಫ್ರೈಗೆ ಬೆಲ್ಜಿಯಂ ವಿಟ್: ಕಿತ್ತಳೆ ಸಿಪ್ಪೆ ಇದ್ದಲ್ಲಿ ನಿಂಬೆ ಹಿಂಡುವುದು ಬೇಡ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆ, ಮುಡ್ಲಿಯನ್ನು ತೆಳ್ಳಗೆ ಹೆಚ್ಚಿ ಗರಿಗರಿ ಕರಿದರೆ ತಣ್ಣನೆ ಪಿಲ್ಸ್‌ನರ್ ಸಾಕು, ಮೂರನೆಯದೇನೂ ಬೇಡ.

ಹುಬ್ಬಳ್ಳಿ ಸಾವಜಿ ಕೀಮಾದ ಜೊತೆ ಮಾತ್ರ ಐಪಿಎ ತೆಗೆಯಬೇಡಿ. ಹಾಪ್ಸಿನ ಕಹಿ ಮೆಣಸಿನ ಖಾರವನ್ನು ಇಳಿಸುವುದಿಲ್ಲ, ಏರಿಸುತ್ತದೆ. ಬೆವರು, ಕಣ್ಣೀರು ಎರಡೂ ಬಂದು ಬಿಯರಿನ ರುಚಿ ಸೋತುಹೋಗುತ್ತದೆ. ಅಲ್ಲಿಗೆ ಲಾಗರ್ ಸರಿ.

ಹಂತ 7: ತಂಪು, ಲೋಟ, ನೊರೆ

ಲಾಗರ್, ಗೋಧಿ ಬಿಯರ್ ಫ್ರಿಜ್ಜಿನಿಂದ ನೇರ ಲೋಟಕ್ಕೆ. ಐಪಿಎ, ಸ್ಟೌಟ್ ಹತ್ತು ನಿಮಿಷ ಹೊರಗಿಟ್ಟು ಆಮೇಲೆ: ಹೆಚ್ಚು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಫ್ರೀಜರಿನಲ್ಲಿಟ್ಟು ಮರೆತ ಟಿನ್ ಸಿಡಿಯುತ್ತದೆ. ಮಳೆಗಾಲದಲ್ಲಿ ಕಾಡಿನ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ಪದೇ ಪದೇ ತೆಗೆಯಬೇಡಿ, ಅಷ್ಟೇ. ಲೋಟಕ್ಕೆ ಎಣ್ಣೆಯ ಪಸೆಯಾಗಲಿ ಸಾಬೂನಿನ ಅಂಟಾಗಲಿ ಇರಬಾರದು, ನೊರೆ ನಿಲ್ಲುವುದಿಲ್ಲ. ವಾಲಿಸಿ ಸುರಿದು ಕೊನೆಗೆ ನೇರ ಮಾಡಿ, ಎರಡು ಬೆರಳು ನೊರೆ ನಿಲ್ಲಲಿ. ಗೋಧಿ ಬಿಯರಿನ ತಳದಲ್ಲಿ ಕೂತ ಯೀಸ್ಟನ್ನು ಕೊನೆಯಲ್ಲಿ ಕುಲುಕಿ ಸುರಿಯಬೇಕು, ರುಚಿಯ ದೊಡ್ಡ ಪಾಲು ಅದರಲ್ಲೇ ಇದೆ. ಮನೆಯಲ್ಲಿ ಹಿರಿಯರ ಮುಂದೆ ಕುಡಿಯುವ ರೂಢಿ ಇಲ್ಲದಿದ್ದರೆ ಸ್ಟೀಲ್ ಲೋಟವೂ ನಡೆದೀತು. ಬಣ್ಣ ಕಾಣದು, ಪರಿಮಳ ಸಿಕ್ಕೇ ಸಿಗುತ್ತದೆ.

ಹಂತ 8: ಎಲ್ಲಿ ಕೂರಬೇಕು

ಮನೆಯ ಜಗಲಿಯಲ್ಲಿ ಅಥವಾ ಹಿತ್ತಲಲ್ಲಿ. ಮೌಳಂಗಿಯ ಇಕೋ ಪಾರ್ಕಿನಲ್ಲಿ, ನದಿಯ ಬಂಡೆಗಳ ಮೇಲೆ ಬೇಡ. ಅದು ಅರಣ್ಯ ಇಲಾಖೆಯ ಜಾಗ, ನೀರಿನ ಸೆಳೆತವೂ ಜೋರು. ಸುಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವು ಏರುತ್ತದೆ. ಕೆಳಗೆ ದಾಂಡೇಲಿಯ ಹತ್ತಿರ ಇದೇ ಕಾಳಿಯಲ್ಲಿ ಮೊಸಳೆಗಳಿವೆ. ರಾಫ್ಟಿಂಗಿಗೆ ಹೋಗುವುದಿದ್ದರೆ ಅದು ಬೆಳಗ್ಗೆ, ಬಿಯರ್ ಸಂಜೆ, ಈ ಕ್ರಮ ತಪ್ಪಬಾರದು. ಇನ್ನೊಂದು ಬಾಟಲಿ ಬೇಕೆನಿಸಿದರೆ ಪೇಟೆಗೆ ಬೈಕ್ ತೆಗೆಯಬೇಡಿ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಮೊದಲೇ ಎರಡು ತಂದಿಟ್ಟುಕೊಳ್ಳಿ, ಖಾಲಿ ಬಾಟಲಿಗಳನ್ನು ಮಾರನೇ ದಿನ ಗುಜರಿಯವರಿಗೆ ಕೊಡಿ.