ದೂರದೂರಿನ ನಕ್ಷೆ ಬರೆಯುವ ಸ್ವಯಂಸೇವಕರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಉಪಗ್ರಹ ಚಿತ್ರದಲ್ಲಿ ಕಾಣದ್ದನ್ನು ನಕ್ಷೆಯಲ್ಲಿ ಬರೆಯಬೇಡಿ. ಉಳಿದ ನಿಯಮಗಳೆಲ್ಲ ಇದರ ಹಿಂದೆ. ನಕ್ಷೆಯಲ್ಲಿ ಜಾಗ ಖಾಲಿ ಇದ್ದರೆ, ಅದನ್ನು ಹಿಡಿದು ಬರುವ ಲಸಿಕೆ ತಂಡ ಊರವರನ್ನು ದಾರಿ ಕೇಳಿಕೊಂಡು ಹೋಗುತ್ತದೆ. ಇಲ್ಲದ ರಸ್ತೆಯನ್ನು ನೀವು ಎಳೆದಿಟ್ಟರೆ ಅದನ್ನು ನಂಬಿ ಹೊರಟು, ಸೇತುವೆಯಿಲ್ಲದ ಹೊಳೆದಂಡೆಯಲ್ಲಿ ನಿಲ್ಲುತ್ತದೆ. ಲಸಿಕೆ ಡಬ್ಬಿಯ ಮಂಜುಗಡ್ಡೆ ಅಷ್ಟು ಹೊತ್ತೂ ಕರಗುತ್ತಿರುತ್ತದೆ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ನಕ್ಷೆ, ಸ್ವಯಂಸೇವಕರು ಬರೆಯುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೆಚ್ಚುಕಡಿಮೆ ಖಾಲಿಯಾಗಿತ್ತು. ಬೇರೆ ಬೇರೆ ದೇಶಗಳ ನೂರಾರು ಜನ ಮನೆಯಲ್ಲೇ ಕೂತು ಅದನ್ನು ತುಂಬಿದರು, ಪರಿಹಾರ ತಂಡಗಳು ಅದನ್ನು ಬಳಸಿದವು. ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಅದೇ ವರ್ಷ ರೂಪುಗೊಂಡಿತು. ಭೂಕಂಪ, ಪ್ರವಾಹ ಬರುವ ಮೊದಲೇ ನಕ್ಷೆ ಸಿದ್ಧವಿರಲಿ ಎಂದು ರೆಡ್‌ಕ್ರಾಸ್ ಮತ್ತು ಗಡಿರಹಿತ ವೈದ್ಯರ ಸಂಸ್ಥೆಯ ಜೊತೆ ಸೇರಿ ಅದು 2014ರಲ್ಲಿ ಮಿಸ್ಸಿಂಗ್ ಮ್ಯಾಪ್ಸ್ ಎಂಬ ಯೋಜನೆ ಆರಂಭಿಸಿತು. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗಾಗಿ ಈ ಸೂಚನೆ.

ಮಾಡಬೇಕಾದ್ದು

ಪ್ರತಿ ಯೋಜನೆಯಲ್ಲೂ ನಕ್ಷೆ ಬರೆಯಬೇಕಾದ ಜಾಗವನ್ನು ಚೌಕಗಳಾಗಿ ಹಂಚಿರುತ್ತಾರೆ. ಚೌಕ ಆರಿಸಿಕೊಳ್ಳುವ ಮೊದಲು ಆ ಯೋಜನೆಯ ಸೂಚನೆಗಳನ್ನು ಪೂರ್ತಿ ಓದಿ. ಯಾವ ಚಿತ್ರ ಬಳಸಬೇಕು, ಬರೀ ಮನೆಗಳೋ ರಸ್ತೆಗಳೂ ಬೇಕೋ, ಎಲ್ಲವೂ ಅಲ್ಲಿರುತ್ತದೆ. ಹೇಳಿದ ಚಿತ್ರವನ್ನೇ ಬಳಸಿ. ಒಂದು ಕಂಪನಿಯ ಚಿತ್ರಕ್ಕೂ ಇನ್ನೊಂದರದ್ದಕ್ಕೂ ಸ್ಥಾನದಲ್ಲಿ ವ್ಯತ್ಯಾಸವಿರುತ್ತದೆ, ನೇಪಾಳದಂಥ ಗುಡ್ಡಗಾಡಿನಲ್ಲಂತೂ ಎದ್ದು ಕಾಣುತ್ತದೆ.

ಮನೆ ಬರೆಯುವಾಗ ನಿಧಾನಿಸಿ. ಎಷ್ಟು ಮನೆಗಳಿವೆ ಎಂಬುದರ ಮೇಲೆ ಎಷ್ಟು ಜನ ಇರಬಹುದು, ಎಷ್ಟು ಲಸಿಕೆ ಬೇಕು ಎಂದು ಅಂದಾಜು ಮಾಡುವವರಿದ್ದಾರೆ. ಚಿತ್ರ ಓರೆಯಾಗಿದ್ದರೆ ಚಾವಣಿಯ ಗೆರೆ ಎಳೆದು, ಆ ಆಕಾರವನ್ನು ಗೋಡೆಯ ಬುಡಕ್ಕೆ ಸರಿಸಿ. ನೆರಳನ್ನು ಮನೆಯೊಳಗೆ ಸೇರಿಸಬೇಡಿ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಗುಡಿಸಲುಗಳು ದುಂಡಗಿರುತ್ತವೆ. ನಕ್ಷೆ ಬರೆಯುವ ಎಡಿಟರಿನಲ್ಲಿ ಗೆರೆ ಎಳೆದು ‘ಓ’ ಕೀ ಒತ್ತಿದರೆ ಆಕಾರ ದುಂಡಾಗುತ್ತದೆ, ‘ಕ್ಯೂ’ ಒತ್ತಿದರೆ ಮೂಲೆಗಳು ನೇರವಾಗುತ್ತವೆ. ಪಕ್ಕದಲ್ಲಿರುವ ಪುಟ್ಟ ಚುಕ್ಕೆ ಕಣಜವಿರಬಹುದು, ಅದನ್ನು ಮನೆಯೆಂದು ಎಣಿಸಬೇಡಿ. ಸುತ್ತಲಿನ ಆವರಣದ ಗೋಡೆಯೂ ಮನೆಯಲ್ಲ.

ಆಗಾಗ ಸೇವ್ ಮಾಡಿ. ಕೆಲಸ ಅರ್ಧಕ್ಕೆ ನಿಂತರೆ ಎಲ್ಲಿಯವರೆಗೆ ಆಗಿದೆಯೆಂದು ಟಿಪ್ಪಣಿ ಬರೆದು ಚೌಕವನ್ನು ಬಿಟ್ಟುಕೊಡಿ. ಮೋಡ ಕವಿದು ಏನೂ ಕಾಣದಿದ್ದರೆ ಚಿತ್ರ ಸರಿಯಿಲ್ಲ ಎಂದು ಗುರುತು ಹಾಕಿ.

ಮಾಡಬಾರದ್ದು

ಗೂಗಲ್ ಮ್ಯಾಪ್ಸ್ ನೋಡಿ ಬರೆಯಕೂಡದು. ಒಂದು ಹೆಸರನ್ನೂ ಅಲ್ಲಿಂದ ಎತ್ತಬಾರದು. ಅದು ಗೂಗಲ್‌ನ ಸ್ವತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಲ್ಲರಿಗೂ ಮುಕ್ತವಾಗಿರುವುದೇ ಇಂಥ ನಕಲಿಗೆ ಅಲ್ಲಿ ಜಾಗವಿಲ್ಲದ್ದರಿಂದ. ಸಿಕ್ಕಿಬಿದ್ದ ಕೆಲಸ ಪೂರ್ತಿ ಅಳಿಸಿಹೋಗುತ್ತದೆ.

ಒಣಗಿದ ಹಳ್ಳವನ್ನು ರಸ್ತೆ ಮಾಡಬೇಡಿ. ಮರಳು ಬೆಳ್ಳಗೆ ಹೊಳೆಯುವುದರಿಂದ ಹೊಸಬರು ಇಲ್ಲೇ ಎಡವುತ್ತಾರೆ. ಹಳ್ಳ ಅಂಕುಡೊಂಕಾಗಿ, ಒಂದು ಕಡೆ ಅಗಲ ಒಂದು ಕಡೆ ಕಿರಿದಾಗಿ ಹರಿದು ಇನ್ನೊಂದು ಹಳ್ಳಕ್ಕೆ ಸೇರುತ್ತದೆ. ದಾರಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗುತ್ತದೆ.

ಊರಿನ ಹೆಸರನ್ನು ಊಹಿಸಬೇಡಿ. ತಪ್ಪು ಹೆಸರು ತಂಡವನ್ನು ಬೇರೆಲ್ಲಿಗೋ ಕಳಿಸುತ್ತದೆ. 2014ರಲ್ಲಿ ಗಿನಿಯ ಗೆಕೆಡು ಸುತ್ತ ಎಬೋಲಾ ಹರಡಿದಾಗ, ರೋಗಿ ಬಂದ ಹಳ್ಳಿ ಎಲ್ಲಿದೆ ಎಂದು ತಿಳಿಯುವುದೇ ದೊಡ್ಡ ಕೆಲಸವಾಗಿತ್ತು. ಹೆಸರು ಸೇರಿಸುವುದು ಅಲ್ಲಿನವರ ಕೆಲಸ, ಅವರ ಹಕ್ಕು ಕೂಡ. 2015ರ ಭೂಕಂಪದ ಹೊತ್ತಿಗೆ ನೇಪಾಳದಲ್ಲಿ ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಸಂಸ್ಥೆಯ ಯುವಕ ಯುವತಿಯರು ತಮ್ಮ ನಗರದ ನಕ್ಷೆಯನ್ನು ಆಗಲೇ ಬಹಳಷ್ಟು ಬರೆದಿದ್ದರು, ಹೊರಗಿನ ಸಾವಿರಾರು ಸ್ವಯಂಸೇವಕರಿಗೆ ಅದೇ ಆಸರೆಯಾಯಿತು. ಹೆಸರು ಬರೆಯುವ ಆಸೆಯಿದ್ದರೆ ನಿಮ್ಮೂರಿನ ಕೆರೆ, ಗುಡಿ, ಓಣಿಗಳ ಹೆಸರನ್ನು ಕನ್ನಡದಲ್ಲಿ ಸೇರಿಸಿ. ಅದಕ್ಕೆ ಪ್ರತ್ಯೇಕ ಅವಕಾಶವೇ ಇದೆ.

ಯೋಜನೆ ಕೇಳದ ಹೊರತು ಕಟ್ಟಡ ಕುಸಿದಿದೆ ಎಂದು ಗುರುತು ಹಾಕಬೇಡಿ. ಗೋಡೆ ಬಿರಿದಿದ್ದರೂ ಮೇಲಿನಿಂದ ಚಾವಣಿ ನೆಟ್ಟಗೇ ಕಾಣಬಹುದು.

ಸ್ವಯಂಸೇವೆಯ ಸರ್ಟಿಫಿಕೇಟಿಗೆ ಬೇಕಾದ ಗಂಟೆ ತುಂಬಿಸಲು ಗೆರೆ ಎಳೆಯಬೇಡಿ. ಕಾಲೇಜಿನಲ್ಲಿ ಮ್ಯಾಪಥಾನ್ (ಎಲ್ಲರೂ ಒಟ್ಟಿಗೆ ಕೂತು ನಕ್ಷೆ ಬರೆಯುವ ಕೂಟ) ಏರ್ಪಡಿಸುವ ಅಧ್ಯಾಪಕರೇ, ಯಾರು ಹೆಚ್ಚು ಮನೆ ಬರೆದರು ಎಂದು ಬಹುಮಾನ ಕೊಡಬೇಡಿ. ಬಲ್ಲವರೊಬ್ಬರನ್ನು ಕೋಣೆಯಲ್ಲಿ ಕೂರಿಸದೆ ತರಗತಿಗೆ ತರಗತಿಯನ್ನೇ ಈ ಕೆಲಸಕ್ಕೆ ಇಳಿಸಬೇಡಿ. ವಿದ್ಯಾರ್ಥಿಗಳ ತಪ್ಪುಗಳನ್ನು ಒಂದೊಂದಾಗಿ ತಿದ್ದುವವರೂ ಸಂಬಳವಿಲ್ಲದ ಸ್ವಯಂಸೇವಕರೇ.

ತಿದ್ದುವವರು ನಿಮ್ಮ ಚೌಕವನ್ನು ವಾಪಸ್ ಕಳಿಸಿದರೆ ಮುನಿಸಿಕೊಂಡು ಹೋಗಬೇಡಿ. ಅವರ ಟಿಪ್ಪಣಿ ಓದಿ, ಸಂಶಯವಿದ್ದರೆ ಅಲ್ಲೇ ಕೇಳಿ, ಅದೇ ಚೌಕವನ್ನು ಮತ್ತೆ ತೆರೆದು ಸರಿಮಾಡಿ. ಹೊಸ ಚೌಕ ಆಮೇಲೆ.