ಉರಿಯುವ ಕಾಲು, ಕೈಯಲ್ಲೊಂದು ಫೋನು: ಬೆನ್ನುಹುರಿ ಗಾಯಾಳುಗಳಿಗೆ 9 ಸೂತ್ರಗಳು

ಬೀದರ ಜಿಲ್ಲೆ ಔರಾದ ತಾಲ್ಲೂಕಿನ ನನ್ನ ಗೆಳೆಯನೊಬ್ಬ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವಾಗ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ಸೊಂಟದ ಕೆಳಗೆ ಚಿವುಟಿದರೂ ಅವನಿಗೆ ಗೊತ್ತಾಗುವುದಿಲ್ಲ. ರಾತ್ರಿಯಾದರೆ ಮಾತ್ರ, “ಕಾಲಾಗ ಬೆಂಕಿ ಬಿದ್ದಂಗ ಆಗ್ತದ ನೋಡಪಾ” ಅನ್ನುತ್ತಾನೆ. ಯಾರೋ ಧ್ಯಾನದ ಆ್ಯಪ್ ಹಾಕಿಕೊಟ್ಟರು. ಅವನ ಜೊತೆ ಕೂತು ನಾನು ಕಲಿತದ್ದು ಇಷ್ಟು.

1. ಉರಿ ಸುಳ್ಳಲ್ಲ ಎಂದು ಮನೆಮಂದಿ ಮೊದಲು ಒಪ್ಪಲಿ. “ಸ್ಪರ್ಶಾನೇ ಇಲ್ಲದ ಕಾಲಿಗೆ ಬ್ಯಾನಿ ಎಲ್ಲಿಂದ ಬಂತು?” ಎಂದು ಕೇಳುವವರು ಬೀದರ ಪೇಟೆಯಲ್ಲೂ ಇದ್ದಾರೆ. ಪೆಟ್ಟಾದ ನರಗಳು ಮಿದುಳಿಗೆ ತಪ್ಪು ಸುದ್ದಿ ಕಳಿಸುತ್ತಲೇ ಇರುತ್ತವೆ. ಇದು ನರದ ನೋವು. ಬೆನ್ನುಹುರಿ ಗಾಯವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ದೀರ್ಘಕಾಲದ ನೋವು ಉಣ್ಣುತ್ತಾರೆ.

2. ಆ್ಯಪಿನಿಂದ ಎಷ್ಟು ಬಯಸಬೇಕೋ ಅಷ್ಟೇ ಬಯಸಿ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರೋಗಿಗಳಿಗೆ ಮೈಂಡ್‌ಫುಲ್‌ನೆಸ್ ಧ್ಯಾನ ಕಲಿಸುವ ಪದ್ಧತಿ ಶುರು ಮಾಡಿದಾಗ ಅವರ ಬಳಿ ಬಂದವರಲ್ಲಿ ವರ್ಷಗಟ್ಟಲೆ ನೋವುಂಡವರು ಬಹಳ ಮಂದಿ. ನೋವು ತೆಗೆದುಹಾಕುತ್ತೇನೆ ಎಂದು ಅವರು ಹೇಳಲಿಲ್ಲ, ನೋವಿನ ಜೊತೆಗಿನ ಕುಸ್ತಿ ಬಿಡಿಸಿದರು. ವಿಪಶ್ಯನ ಗುರು ಗೋಯೆಂಕಾ ಅವರದೂ ಇಂಥದೇ ಕಥೆ. ಬರ್ಮಾದಲ್ಲಿ ಮೈಗ್ರೇನಿಗೆ ಮದ್ದು ಹುಡುಕುತ್ತ ಧ್ಯಾನಗುರು ಊ ಬಾ ಖಿನ್ ಬಳಿ ಹೋದರೆ, ತಲೆನೋವು ಕಳೆಯುವುದಕ್ಕಾದರೆ ಬರಬೇಡ ಎಂದುಬಿಟ್ಟರಂತೆ! ಹಾಗಾಗಿ ಡೈರಿಯಲ್ಲಿ ಎರಡು ಅಂಕಿ ಬರೆಯಿರಿ: ನೋವು ಹತ್ತಕ್ಕೆ ಎಷ್ಟಿತ್ತು, ಅದು ನಿಮ್ಮನ್ನು ಹತ್ತಕ್ಕೆ ಎಷ್ಟು ಕಾಡಿತು. ಮೊದಲನೆಯದು ಅಲ್ಲೇ ನಿಂತಿದ್ದು ಎರಡನೆಯದು ಇಳಿದರೂ ಲಾಭವೇ. ಲೆಕ್ಕವನ್ನು ಎಂಟು ವಾರ ಕಳೆದ ಮೇಲೆ ನೋಡಿ, ಎಂಟನೇ ದಿನಕ್ಕಲ್ಲ.

3. ಕಾಲ್ಬೆರಳಿನಿಂದ ಶುರು ಮಾಡಬೇಡಿ. ಹಲವು ಆ್ಯಪ್‌ಗಳಲ್ಲಿ ದೇಹ ಗಮನಿಸುವ ಪಾಠ ಪಾದದಿಂದಲೇ ಹೊರಡುತ್ತದೆ. ಮೊದಲ ದಿನ ಗೆಳೆಯ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಎಡಗಾಲಿನ ಹೆಬ್ಬೆರಳಿನಲ್ಲಿ ಈಗ ಏನನ್ನಿಸುತ್ತಿದೆ ಎಂದು ಮೆದುವಾದ ದನಿ ಕೇಳಿತು. ಇವನು ಇಯರ್‌ಫೋನ್ ಕಿತ್ತೆಸೆದ. “ಎರಡ ವರ್ಷದಿಂದ ನಾನೂ ಅದನ್ನೇ ಕೇಳ್ಲತ್ತೀನಿ!” ಅಂದ. ನಕ್ಕೆವು, ಆದರೆ ಅವನ ಮುಖ ನೋಡಲಾಗಲಿಲ್ಲ. ಆಮೇಲೆ ಪಾಠವನ್ನೇ ತಿರುವಿಹಾಕಿದೆವು. ನೆತ್ತಿಯಿಂದ ಇಳಿದು ಹಣೆ, ತುಟಿ, ಭುಜ, ಅಂಗೈ. ಸ್ಪರ್ಶ ಎಲ್ಲಿ ಮುಗಿಯುತ್ತದೋ ಅಲ್ಲಿಗೇ ನಿಲ್ಲುವುದು. ಕುತ್ತಿಗೆಗೆ ಪೆಟ್ಟಾದವರಿಗೆ ಎದೆ-ಹೊಟ್ಟೆಯ ಏರಿಳಿತವೂ ತಿಳಿಯದಿರಬಹುದು, ಅವರು ಮೂಗಿನ ಹೊಳ್ಳೆಯ ಗಾಳಿ ಹಿಡಿಯಲಿ. ಅದೂ ಬೇಡವಾದರೆ ದೂರದ ಗಿರಣಿಯ ಸದ್ದು ಕೇಳುತ್ತ ಕೂತರೂ ಸಾಕು. ಬಿದ್ದ ಗಳಿಗೆ ನೆನಪಾಗಿ ಎದೆ ಹೊಡೆದುಕೊಂಡರೆ ಕಣ್ಣು ತೆರೆದುಬಿಡಿ.

4. ‘ಬೆನ್ನು ನೆಟ್ಟಗೆ, ಅಲುಗಾಡದೆ’ ಎಂಬ ಮಾತು ನಿಮಗಲ್ಲ. ಅಲುಗಾಡದೆ ಕೂತರೆ ಪೃಷ್ಠದಲ್ಲಿ ಒತ್ತಡದ ಹುಣ್ಣಾಗಬಹುದು. ವೀಲ್‌ಚೇರಿನಲ್ಲಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮೈಭಾರ ಎತ್ತಲೇಬೇಕು. ಹತ್ತು ನಿಮಿಷದ ಪಾಠ ಸಾಕು, ಮಲಗಿಯೇ ಮಾಡಿ.

5. ನಿಮ್ಮ ಮಾತಿನಲ್ಲೇ ಕೇಳಿ. ಇಂಗ್ಲಿಷ್ ಆ್ಯಪ್ ಔರಾದಿನ ರೈತನಿಗೆ ಏನು ಹೇಳೀತು? ಪುಸ್ತಕದ ಕನ್ನಡವೂ ಅಷ್ಟಕ್ಕಷ್ಟೇ. ಉರ್ದುವೇ ನಡೆಯುತ್ತಿದ್ದ ನಿಜಾಮರ ಕಾಲದಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನೀವೂ ಅದೇ ಉಪಾಯ ಮಾಡಿ. ಪಾಠ ಆ್ಯಪಿನದಿರಲಿ, ದನಿ ಮನೆಯದಾಗಲಿ. ಹೆಂಡತಿಯೋ ಮಗಳೋ ಬೀದರ ಮಾತಿನಲ್ಲಿ ನಿಧಾನಕ್ಕೆ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಲಿ. ಮನೆಮಾತು ಮರಾಠಿಯೋ ಉರ್ದುವೋ ಆಗಿದ್ದರೆ ಅದರಲ್ಲೇ. ಗೆಳೆಯನಿಗೆ ಕೊನೆಗೆ ಒಗ್ಗಿದ್ದು ಮಗಳ ದನಿ. ನಡುವೆ ಕೋಳಿ ಕೂಗುತ್ತದೆ, ಇರಲಿ.

6. ದುಡ್ಡು ಮತ್ತು ನೆಟ್‌ವರ್ಕ್. ‘ಏಳು ದಿನ ಉಚಿತ’ ಎಂದು ಒತ್ತುವ ಮೊದಲು ಆಟೋಪೇ ಎಲ್ಲಿ ನಿಲ್ಲಿಸಬೇಕೆಂದು ತಿಳಿದುಕೊಳ್ಳಿ. ಇನ್‌ಸೈಟ್ ಟೈಮರ್‌ನಂಥವುಗಳಲ್ಲಿ ದುಡ್ಡಿಲ್ಲದೆ ಕೇಳುವುದೂ ಬೇಕಾದಷ್ಟಿದೆ. ತಾಂಡಾದಲ್ಲಿ ಸಿಗ್ನಲ್ ಸಿಗದಿದ್ದರೆ ಪೇಟೆಗೆ ಹೋದವರ ಕೈಲಿ ಡೌನ್‌ಲೋಡ್ ಮಾಡಿಸಿ.

7. ಮನೆಯಲ್ಲಿ ಇರುವುದನ್ನು ಬಿಡಬೇಡಿ. ಅಂಗೈಯ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಿಸಿದವರಿಗೆ, ತಸ್ಬೀಹ್ ಎಣಿಸಿದವರಿಗೆ ಗಮನ ಕಟ್ಟುವುದು ಹೊಸ ವಿದ್ಯೆಯೇನಲ್ಲ. ಅದರಿಂದಲೇ ಮನಸ್ಸು ನಿಲ್ಲುವುದಾದರೆ ಆ್ಯಪ್ ಅಳಿಸಿಹಾಕಿ, ಅಡ್ಡಿಯಿಲ್ಲ.

8. ಹೊಸ ನೋವಿಗೆ ಧ್ಯಾನ ಮದ್ದಲ್ಲ. ಬೆನ್ನೆಲುಬಿನಲ್ಲಿ ಎದೆಭಾಗದ ಆರನೇ ಮಣಿ (ಟಿ6) ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಬಿಪಿ ಅಪಾಯದ ಮಟ್ಟಕ್ಕೆ ಏರಿರಬಹುದು. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ. ತಡಮಾಡದೆ ತಾಲ್ಲೂಕು ಆಸ್ಪತ್ರೆಗೋ ಬೀದರಿನ ದೊಡ್ಡಾಸ್ಪತ್ರೆ ಬ್ರಿಮ್ಸ್‌ಗೋ ಒಯ್ಯಿರಿ. ಇನ್ನು ನರದ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆ ನುಂಗುತ್ತಿರುವವರು ‘ಧ್ಯಾನದಿಂದ ಆರಾಮಾಯ್ತು’ ಎಂದು ತಾವಾಗಿ ನಿಲ್ಲಿಸಬಾರದು. ಡಾಕ್ಟರು ಹೇಳಿದರೆ ಹಂತಹಂತವಾಗಿ ಇಳಿಸಬೇಕು.

9. ಬದುಕೇ ಬೇಡ ಅನ್ನಿಸಿದ ರಾತ್ರಿ ಆ್ಯಪ್ ತೆರೆಯಬೇಡಿ, ಮನುಷ್ಯರ ದನಿ ಕೇಳಿ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.